ನಗರ ದಂಗೆ ತಂದ ಬದಲಾವಣೆ



ಶಿವಮೊಗ್ಗದಿಂದ ಸವಳಂಗ ರಸ್ತೆ ಹಿಡಿದರೆ ಶಿಕಾರಿಪುರದ ದಾರಿ. ಈ ಸೀಮೆಯೆಲ್ಲ ಒಂದು ಕಾಲಕ್ಕೆ ಮೈಸೂರು ಸಂಸ್ಥಾನದ ನಗರ ಫೌಜುದಾರಿಗೆ ಸೇರಿತ್ತು. 1830–31ರಲ್ಲಿ ಇಲ್ಲಿನ ರೈತರು ತಮ್ಮ ದೊರೆಯ ಸರ್ಕಾರದ ವಿರುದ್ಧವೇ ತಿರುಗಿಬಿದ್ದರು. ಅದೇ ನಗರ ದಂಗೆ.

ಮೂಲ ಕಾರಣ ಕಂದಾಯ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶರ್ತಿ ಪದ್ಧತಿಯಲ್ಲಿ ಅಮಲ್ದಾರ ಇಂತಿಷ್ಟು ಹಣ ಕಟ್ಟುವುದಾಗಿ ಮುಚ್ಚಳಿಕೆ ಬರೆದುಕೊಡುತ್ತಿದ್ದ. ಕಡಿಮೆ ಬಿದ್ದರೆ ಅವನೇ ತುಂಬಬೇಕು. ಆ ಭಾರ ಕೊನೆಗೆ ಬಿದ್ದದ್ದು ರೈತನ ಮೇಲೆ. ರೈತರು ಕೂಟ ಸೇರಿದರು, ಕಂದಾಯ ನಿಲ್ಲಿಸಿದರು. ಹೈದರಾಲಿ 1763ರಲ್ಲಿ ಬಿದನೂರು ಗೆದ್ದಿದ್ದರೂ ಕೆಳದಿ ಅರಸರ ನೆನಪು ಜನರಲ್ಲಿ ಅಳಿದಿರಲಿಲ್ಲ. ತಾನು ಆ ವಂಶದವನೆಂದು ಬೂದಿ ಬಸವಪ್ಪ ಮುಂದೆ ಬಂದಾಗ ರೈತರ ಸಿಟ್ಟಿಗೆ ನಾಯಕನೊಬ್ಬ ಸಿಕ್ಕಿದ.

ದಂಗೆ ಅಡಗಿಸಲು ಕಂಪನಿಯ ಸೈನ್ಯವೂ ಬಂತು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಸಂಸ್ಥಾನದ ಆಡಳಿತವನ್ನೇ ತೆಗೆದುಕೊಂಡ. ಅಧಿಕಾರದ ಕೇಂದ್ರ ಮೈಸೂರಿನಿಂದ ಬೆಂಗಳೂರಿಗೆ ಸರಿಯಿತು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ನೂರಾರು ಚಿಲ್ಲರೆ ತೆರಿಗೆಗಳನ್ನು ರದ್ದು ಮಾಡಿದ, ರಸ್ತೆ ಹಾಕಿಸಿದ. ರೈತನ ಹೊರೆ ಕೊಂಚ ಇಳಿಯಿತು. ಆದರೆ ಆಳುವವರು ಪರಕೀಯರಾದರು.

ಒಡೆಯರಿಗೆ ಅಧಿಕಾರ ಮರಳಿದ್ದು ಐವತ್ತು ವರ್ಷಗಳ ನಂತರ, 1881ರಲ್ಲಿ. ಅದೇ ವರ್ಷ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು. ಅಲ್ಲಿ ಕುಳಿತವರು ಜಮೀನುದಾರರು, ವರ್ತಕರು. ಕೂಟ ಕಟ್ಟಿದ್ದ ಬಡ ರೈತನಿಗೆ ಅಲ್ಲಿ ಜಾಗವಿರಲಿಲ್ಲ. ಆದರೂ ಪ್ರಜೆಗಳ ಅಹವಾಲನ್ನು ಸರ್ಕಾರ ಕೂತು ಕೇಳಬೇಕೆಂಬ ರೂಢಿ ಈ ನಾಡಿನಲ್ಲಿ ಬೇರೂರಿತು.