ಊರಿನ ಲೆಕ್ಕ ಊರಿಗೆ ಕಾಣಲಿ



ಸರ್ಕಾರಿ ಇಲಾಖೆಗಳು ಸೋಷಿಯಲ್ ಮೀಡಿಯಾವನ್ನು ಹೇಗೆ ಬಳಸಬೇಕು, ಕಚೇರಿಯೊಳಗಿನ ಲೆಕ್ಕವನ್ನು ಜನರ ಮುಂದೆ ಹೇಗೆ ತೆರೆದಿಡಬೇಕು ಎಂಬ ಮಾತುಕತೆ ಸಾಮಾನ್ಯವಾಗಿ ಬೆಂಗಳೂರಿನ ಸಭಾಂಗಣಗಳಲ್ಲಿ ನಡೆಯುತ್ತದೆ. ಈ ಸಲ ಪಂಚಾಯಿತಿಯವರಾದ ನೀವು ಅದಕ್ಕೆ ದೇವರಾಯಸಮುದ್ರದಲ್ಲಿ ಶಾಮಿಯಾನ ಹಾಕಿಸಿದ್ದೀರಿ. ಇದು ಸರಿಯಾದ ಜಾಗ. ನಮ್ಮ ಕೋಲಾರ ಸೀಮೆಯಲ್ಲಿ ಸಮುದ್ರ ಎಂದರೆ ಕೆರೆ. ಕೆರೆ ಕಟ್ಟಿದವರು ಲೆಕ್ಕವನ್ನು ಎಲ್ಲಿ ಬರೆಸುತ್ತಿದ್ದರು ಎಂಬುದು ನಿಮಗೆ ಗೊತ್ತು. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟದಲ್ಲಿ ಕೂಡಿಸಿ 1905ರಲ್ಲಿ ಅಚ್ಚು ಹಾಕಿಸಿದರು. ಕೆರೆ ಕಟ್ಟಿಸಿದವರಿಗೆ, ಅದನ್ನು ಕಾಪಾಡುವವರಿಗೆ ಬಿಟ್ಟುಕೊಟ್ಟ ಭೂಮಿಯ ಮಾತು ಇಂಥ ಕಲ್ಲುಗಳಲ್ಲಿ ಬರುತ್ತದೆ. ಬಿಟ್ಟುವಟ್ಟ, ಕಟ್ಟುಗೊಡಗೆ ಎಂಬ ಹೆಸರುಗಳು ಆ ದತ್ತಿಗಳವು. ಕೊಟ್ಟವರು ಯಾರು, ಪಡೆದವರು ಯಾರು, ಭೂಮಿ ಎಷ್ಟು, ಅದರ ಎಲ್ಲೆ ಯಾವುದು ಎಂದು ಕೆತ್ತಿಸಿ, ಕೆರೆ ಏರಿಯ ಮೇಲೋ ಗುಡಿಯ ಮುಂದೋ ನಿಲ್ಲಿಸುತ್ತಿದ್ದರು. ಹೋಗಿ ಬರುವವರೆಲ್ಲ ನೋಡಲೆಂದೇ ಹಾಗೆ ನಿಲ್ಲಿಸಿದ್ದು.

ಪಕ್ಕದ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ.ಯವರನ್ನು ನಾವು ಕಗ್ಗದಿಂದ ಬಲ್ಲೆವು. ಸಾರ್ವಜನಿಕ ವಿಷಯವನ್ನು ಸಾರ್ವಜನಿಕರು ಓದಿ, ತಿಳಿದು, ಚರ್ಚಿಸಬೇಕೆಂದೇ ಅವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಯನ್ನು ಕಟ್ಟಿದರು ಎಂಬುದನ್ನೂ ನಾವು ನೆನೆಯಬೇಕು.

ನಾನು ಕಂದಾಯ ಇಲಾಖೆಯಲ್ಲಿ ಗುಮಾಸ್ತನಾಗಿ ಸೇರಿ ನಿವೃತ್ತನಾದವನು. ಒಂದು ತಾಲ್ಲೂಕು ಕಚೇರಿಯಲ್ಲಿದ್ದಾಗ ಒಬ್ಬ ಅಜ್ಜಿ, ತೀರಿಹೋದ ಗಂಡನ ಜಮೀನನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಪೌತಿ ಖಾತೆಗೆ ಅರ್ಜಿ ಕೊಟ್ಟಿದ್ದರು. ಬಂದಾಗಲೆಲ್ಲ ನನ್ನ ಮೇಜಿನ ಮುಂದೆ ನಿಂತು, "ನಾ ಅರ್ಜಿ ಏಮಾಯ ಸಾಮಿ?" ಎಂದು ತೆಲುಗಿನಲ್ಲಿ, ತಮ್ಮ ಅರ್ಜಿ ಏನಾಯಿತೆಂದು ಕೇಳುತ್ತಿದ್ದರು. ನಾನು "ಪ್ರೋಸೆಸ್‌ನಲ್ಲಿದೆ" ಎನ್ನುತ್ತಿದ್ದೆ. ಮೂರನೇ ಸಲ ಬಂದಾಗ ಫೈಲು ಹುಡುಕಿಸಿದೆ. ಯಾರೋ ಆಕ್ಷೇಪಣೆ ಹಾಕಿದ್ದಾರೆ, ವಿಚಾರಣೆಗೆ ದಿನ ಗೊತ್ತಾಗಿದೆ, ನೋಟಿಸ್ ಬೋರ್ಡಿಗೆ ಹಚ್ಚಿದೆ ಎಂದು ಷರಾ ಇತ್ತು. ವರಾಂಡಕ್ಕೆ ಬಂದು ನೋಡಿದೆ. ಬೋರ್ಡಿನ ಗಾಜಿನ ಬಾಗಿಲಿಗೆ ಬೀಗ. ಬೀಗದ ಕೈ ಯಾರ ಬಳಿಯೂ ಇಲ್ಲ. ಹಾಗಾಗಿ ಗಾಜಿನ ಮೇಲೇ ಮೈದಾ ಅಂಟಿನಿಂದ ಒಂದರ ಮೇಲೊಂದು ಕಾಗದ ಹಚ್ಚಿದ್ದರು. ಉಗುರಿನಿಂದ ಒಂದೊಂದೇ ಪದರ ಕಿತ್ತಾಗ ಮೂರನೆಯ ಪದರದಲ್ಲಿ ಅಜ್ಜಿಯ ಸರ್ವೆ ನಂಬರ್ ಕಂಡಿತು. ವಿಚಾರಣೆಯ ದಿನ ದಾಟಿ ಹನ್ನೊಂದು ದಿನವಾಗಿತ್ತು. ಕಡತದ ಪ್ರಕಾರ ಎಲ್ಲವೂ ಕ್ರಮಬದ್ಧ. ಅಜ್ಜಿಗೆ ಮಾತ್ರ ಏನೂ ತಿಳಿದಿರಲಿಲ್ಲ.

ಇವತ್ತು ನಮ್ಮ ಅನೇಕ ಇಲಾಖೆಗಳ ಫೇಸ್‌ಬುಕ್ ಪುಟ ನೋಡುವಾಗ ನನಗೆ ಆ ಬೋರ್ಡೇ ನೆನಪಾಗುತ್ತದೆ. ಹಾರ, ಶಾಲು, ಉದ್ಘಾಟನೆ, ಜಯಂತಿಯ ಶುಭಾಶಯ ಪದರ ಪದರವಾಗಿ ಹಚ್ಚಿಕೊಂಡಿರುತ್ತವೆ. ಕೆಳಗೆ ಯಾರೋ "ನಮ್ಮೂರಿಗೆ ಎಂಟು ದಿನದಿಂದ ನೀರಿಲ್ಲ" ಎಂದು ಬರೆದಿರುತ್ತಾರೆ. ಅದಕ್ಕೆ ಉತ್ತರ ಇರುವುದಿಲ್ಲ. ಇಲಾಖೆ ತನ್ನ ಫೋಟೊ ಹಾಕಿಕೊಂಡರೆ ಅದು ಪ್ರಚಾರ. ಇಲಾಖೆ ತನ್ನ ಲೆಕ್ಕ ಹಾಕಿ, ಬಂದ ಪ್ರಶ್ನೆಗೆ ಅದೇ ಜಾಗದಲ್ಲಿ, ಎಲ್ಲರಿಗೂ ಕಾಣುವಂತೆ ಉತ್ತರ ಕೊಟ್ಟರೆ ಅದನ್ನು ನಾನು ಪಾರದರ್ಶಕತೆ ಎನ್ನುತ್ತೇನೆ. ಇಡೀ ಭಾಷಣದಲ್ಲಿ ನನಗೆ ಹೇಳಬೇಕಾಗಿರುವುದು ಇದೊಂದೇ.

ಕರ್ನಾಟಕಕ್ಕೆ ಇದು ಹೊಸದಲ್ಲ. ಮಾಹಿತಿ ಹಕ್ಕಿನ ಕಾಯ್ದೆಯನ್ನು ನಮ್ಮ ರಾಜ್ಯ 2000ದಲ್ಲೇ ಮಾಡಿತು, ಕೇಂದ್ರದ ಕಾಯ್ದೆ ಬಂದದ್ದು 2005ರಲ್ಲಿ. ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ 2 ಕೋಟಿ ಪಹಣಿಗಳನ್ನು ಭೂಮಿ ಯೋಜನೆ ಕಂಪ್ಯೂಟರಿಗೆ ಏರಿಸಿತು. 15 ರೂಪಾಯಿ ಕೊಟ್ಟರೆ ಕೌಂಟರಿನಲ್ಲಿ ಪಹಣಿ ಕೈಗೆ ಬಂತು. ಲೆಕ್ಕಿಗರು ಎಲ್ಲಿದ್ದಾರೆ ಎಂದು ಊರೂರು ಹುಡುಕುವುದು ತಪ್ಪಿದ ದಿನ ರೈತರ ಮುಖದಲ್ಲಿದ್ದ ನಿರಾಳವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಕಾಲ ಕಾಯ್ದೆ 2011ರದು, ಅರ್ಜಿಗೆ ಗಡುವು ಕಟ್ಟಿತು. 2021ರಲ್ಲಿ ಮಾಹಿತಿ ಕಣಜ ಎಂಬ ಸರ್ಕಾರಿ ಜಾಲತಾಣ ಬಂತು, ಊರಿನ ಪಿಂಚಣಿ, ಪಡಿತರ, ಉದ್ಯೋಗ ಖಾತ್ರಿಯ ವಿವರ ಅಲ್ಲಿ ಸಿಗುತ್ತದೆ. ಕಣಜ ತುಂಬಿದೆ, ಆದರೆ ಅದರ ಬಾಗಿಲು ಎಲ್ಲಿದೆ ಎಂದು ನಮ್ಮ ಊರುಗಳಲ್ಲಿ ಎಷ್ಟು ಮಂದಿಗೆ ಗೊತ್ತು? ತೋರಿಸಿಕೊಡುವ ಕೆಲಸ ಪಂಚಾಯಿತಿ ಗ್ರಂಥಾಲಯದ್ದಾಗಬೇಕು.

ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಅನ್ನು ದಯವಿಟ್ಟು ಎಲ್ಲರೂ ಒಮ್ಮೆ ಓದಿ. ಜನ ಅರ್ಜಿ ಹಾಕುವ ಪ್ರಮೇಯವೇ ಆದಷ್ಟು ಕಡಿಮೆಯಾಗುವಂತೆ ಕಚೇರಿ ತಾನಾಗಿಯೇ ವಿವರ ಪ್ರಕಟಿಸುತ್ತಿರಬೇಕು ಎನ್ನುತ್ತದೆ ಅದು. ಸ್ಥಳೀಯ ಭಾಷೆಯಲ್ಲಿ, ಆ ಪ್ರದೇಶದಲ್ಲಿ ಹೆಚ್ಚು ಪರಿಣಾಮಕಾರಿಯಾದ ರೀತಿಯಲ್ಲಿ ತಿಳಿಸಬೇಕು ಎಂದೂ ಇದೆ. ನಮ್ಮದು ಆಂಧ್ರದ ಗಡಿ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ. ಓದಲು ಬಾರದ ಹಿರಿಯರಿದ್ದಾರೆ. ನೋಟಿಸನ್ನು ಕನ್ನಡದಲ್ಲಿ ಹಾಕಿ, ಜೊತೆಗೆ ಎರಡು ನಿಮಿಷದ ವಾಯ್ಸ್ ಮೆಸೇಜನ್ನು ಎರಡೂ ಮಾತಿನಲ್ಲಿ ಕಳಿಸಿದರೆ ಡಂಗುರ ಹೊಡೆಸಿದ ಹಾಗೆಯೇ ಆಯಿತು.

ಈಗ ನಮ್ಮ ಜಿಲ್ಲೆಯೇ ಕಲಿತ ಪಾಠಕ್ಕೆ ಬರುತ್ತೇನೆ. ಕೆ.ಸಿ. ವ್ಯಾಲಿ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರಿನಂತೆ ಕೋಲಾರದ ಕೆರೆಗಳಿಗೆ ತುಂಬಿಸುವ ಯೋಜನೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದಾಗ, ವರ್ಷಗಟ್ಟಲೆ ಬರಿದಾದ ಕೆರೆ ನೋಡಿದ್ದ ಜನ ಹಿಗ್ಗಿದರು. ಮರುತಿಂಗಳೇ ನೊರೆ ಎದ್ದಿತು. ಹೈಕೋರ್ಟಿನಲ್ಲಿ ತಡೆ ಬಂತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಿಂದಲೂ ತಡೆ ಬಂತು. ಆಮೇಲೆ ತಡೆ ತೆರವಾಗಿ ನೀರು ಮತ್ತೆ ಹರಿಯಿತು. ನಾನು ಇಲ್ಲಿ ಯೋಜನೆಯ ಪರವಾಗಿಯೂ ವಿರೋಧವಾಗಿಯೂ ವಾದಿಸುತ್ತಿಲ್ಲ. ಸಾವಿರ ಅಡಿ ಬೋರ್ ಕೊರೆದು ಫ್ಲೋರೈಡ್ ನೀರು ಕುಡಿದ ಜಿಲ್ಲೆ ಇದು, ನೀರಿನ ಬಗ್ಗೆ ನಮಗೆ ಆಸೆಯೂ ಇದೆ, ಭಯವೂ ಇದೆ. ಅಂಥ ಜನಕ್ಕೆ ಪ್ರತಿ ಕೆರೆಯ ನೀರಿನ ಪರೀಕ್ಷಾ ವರದಿ ಸಿಗಬೇಕು. ಯಾವ ದಿನ, ಯಾವ ಜಾಗದಿಂದ ಮಾದರಿ ತೆಗೆದರು, ನೈಟ್ರೇಟ್ ಎಷ್ಟು, ಲೋಹದ ಅಂಶ ಎಷ್ಟು ಎಂಬುದು ಕೆರೆ ಏರಿಯ ಬೋರ್ಡಿನಲ್ಲಿ ಬರಬೇಕು, ಅದೇ ದಿನ ಊರಿನ ಫೋನುಗಳಿಗೂ ಬರಬೇಕು. ಫಲಿತಾಂಶ ಕೆಟ್ಟದಾಗಿ ಬಂದ ವಾರವಂತೂ ತಪ್ಪದೇ ಬರಬೇಕು. ಕೆಟ್ಟದ್ದನ್ನೂ ಹೇಳುವ ಇಲಾಖೆ "ಅಂತರ್ಜಲ ಏರಿದೆ" ಎಂದಾಗ ಜನ ನಂಬುತ್ತಾರೆ.

ಕೆಲಸದ ಮಾತುಗಳು ನಾಲ್ಕಿವೆ. ಪಂಚಾಯಿತಿಯ ಸೋಷಿಯಲ್ ಮೀಡಿಯಾ ಖಾತೆಯನ್ನು ಅಧಿಕಾರಿಯ ಸ್ವಂತ ನಂಬರಿನಲ್ಲಿ ತೆರೆಯಬೇಡಿ, ವರ್ಗಾವಣೆ ಆದ ದಿನವೇ ಪುಟ ಸಾಯುತ್ತದೆ. ಚಾರ್ಜ್ ಕೊಡುವಾಗ ಕ್ಯಾಷ್ ಪುಸ್ತಕದ ಜೊತೆ ಪಾಸ್‌ವರ್ಡನ್ನೂ ಬರೆದುಕೊಟ್ಟು ಸಹಿ ಪಡೆಯಿರಿ. ಯಾರು ಉತ್ತರಿಸಬೇಕು, ಎಷ್ಟು ದಿನದಲ್ಲಿ ಎಂಬುದನ್ನು ಮೊದಲೇ ಗೊತ್ತುಮಾಡಿ. ಕೇಂದ್ರ ಸರ್ಕಾರ ಸೋಷಿಯಲ್ ಮೀಡಿಯಾ ಬಳಕೆಗೆ ಮಾರ್ಗಸೂಚಿ ಹೊರಡಿಸಿದ್ದು 2012ರಲ್ಲೇ. ಆದೇಶಗಳನ್ನು ಯೂನಿಕೋಡ್‌ನಲ್ಲಿ ಟೈಪು ಮಾಡಿಸಿ. ಹಳೆಯ ಫಾಂಟಿನಲ್ಲಿ ಹೊಡೆದು ಸ್ಕ್ಯಾನ್ ಮಾಡಿದ ಕಾಗದದಲ್ಲಿ ಊರಿನ ಹೆಸರು ಹುಡುಕಿದರೆ ಸಿಗದು. ಇನ್ನೊಂದು, ಬಹಳ ಮುಖ್ಯವಾದದ್ದು: ಫಲಾನುಭವಿಗಳ ಪಟ್ಟಿ ಹಾಕುವಾಗ ಹೆಸರು, ಮೊತ್ತ ಸಾಕು. ಆಧಾರ್ ನಂಬರ್, ಬ್ಯಾಂಕ್ ಖಾತೆ, ಕಾಯಿಲೆಯ ವಿವರ ಹೊರಗೆ ಬರಬಾರದು. ತೆರೆದಿಡಬೇಕಾದದ್ದು ಕಚೇರಿಯ ಲೆಕ್ಕ, ಬಡವರ ಬದುಕಿಗೆ ಬಾಗಿಲು ಇರಲಿ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ (ಪಿಡಿಒ) ಕಷ್ಟ ನನಗೆ ಗೊತ್ತು. ಒಂದೇ ಫೋನಿನಲ್ಲಿ ಹತ್ತು ಆ್ಯಪ್, ಉದ್ಯೋಗ ಖಾತ್ರಿಯ ಹಾಜರಿಯ ಫೋಟೊ, ಸಿಗ್ನಲ್ ಇಲ್ಲದ ಕಡೆ ಮರ ಹತ್ತುವ ಸ್ಥಿತಿ. ಪುಟ ನೋಡಿಕೊಳ್ಳಲು ಒಬ್ಬ ಸಿಬ್ಬಂದಿ ಕೊಡಿ ಎಂದು ಈ ಸಮಾವೇಶ ಸರ್ಕಾರವನ್ನು ಒತ್ತಾಯಿಸಬೇಕು, ನಾನು ಮೊದಲ ಸಹಿ ಹಾಕುತ್ತೇನೆ. ಬೈಯುವವರೂ ಬರುತ್ತಾರೆ. ಕೆಟ್ಟ ಮಾತನ್ನು ಅಳಿಸಿ, ಪ್ರಶ್ನೆಯನ್ನು ಅಳಿಸಬೇಡಿ.

ನಿಮ್ಮಲ್ಲಿ ಬಹಳ ಮಂದಿಯ ಪಂಚಾಯಿತಿಗೆ ವಾಟ್ಸಾಪ್ ಗುಂಪು ಇದೆ. ಅಡ್ಮಿನ್ ಮಾತ್ರ ಬರೆಯಬಹುದು ಎಂದು ಕಟ್ಟು ಹಾಕಿದ್ದರೆ ಊಟಕ್ಕೆ ಏಳುವ ಮುಂಚೆ ಅದನ್ನು ತೆಗೆಯಿರಿ. ಸಾಯಂಕಾಲದೊಳಗೆ ಬರುವ ಮೊದಲ ಪ್ರಶ್ನೆ ನೀರಿನದೇ ಆಗಿರುತ್ತದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಕಚೇರಿ ತೆರೆದ ಕೂಡಲೇ, ಎಲ್ಲರಿಗೂ ಕಾಣುವಂತೆ ಅದಕ್ಕೆ ಉತ್ತರ ಬರೆಯಿರಿ.