ಮೂರು ಟಿಕೆಟ್, ಒಂದೇ ಪ್ರಯಾಣ



ಇವತ್ತು ಘೋಷಣೆ ಕೂಗಲು ನಿಂತಿಲ್ಲ. ಬಸ್ಸು, ರೈಲು, ಮೆಟ್ರೋ ಬಗ್ಗೆ ನಾಲ್ಕು ಮಾತು ಆಡಬೇಕಿದೆ. ಕನ್ನಡದ ವೇದಿಕೆಯಲ್ಲಿ ಬಸ್ಸಿನ ಮಾತೇನು ಎಂದು ಮೂಗು ಮುರಿಯಬೇಡಿ. ಕಾರಿಲ್ಲದೆ ಈ ಬೆಂಗಳೂರಿನಲ್ಲಿ ಬದುಕುವ ಕನ್ನಡಿಗ ತನ್ನ ದಿನದ ಎಷ್ಟು ಹೊತ್ತನ್ನು ರಸ್ತೆಗೆ ಸುರಿಯುತ್ತಾನೆ ಎಂದು ನಿಮಗೇ ಗೊತ್ತು. ನೀವೇ ಸುರಿಯುತ್ತಿದ್ದೀರಿ.

2023ರ ಮಾರ್ಚ್ 25ರಂದು ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗಿನ ಮೆಟ್ರೋ ಉದ್ಘಾಟನೆಯಾಯಿತು. ಪ್ರಧಾನಿಯೇ ಬಂದರು, ಫೋಟೋ ತೆಗೆಸಿಕೊಂಡದ್ದೂ ಆಯಿತು. ಆದರೆ ಕೆ.ಆರ್. ಪುರದಿಂದ ಬೈಯಪ್ಪನಹಳ್ಳಿಗೆ ಸುಮಾರು ಎರಡು ಕಿಲೋಮೀಟರ್ ಬಾಕಿ ಉಳಿದಿತ್ತು. ಜನ ಮೆಟ್ರೋ ಇಳಿದು, ಮೆಟ್ಟಿಲಿಳಿದು, ಫೀಡರ್ ಬಸ್ಸು ಹತ್ತಿ, ಮತ್ತೆ ಮೆಟ್ಟಿಲು ಹತ್ತಿ, ಮತ್ತೆ ಬ್ಯಾಗು ತಪಾಸಣೆಗೆ ಒಡ್ಡಿ ಇನ್ನೊಂದು ಮೆಟ್ರೋ ಹಿಡಿಯಬೇಕಿತ್ತು. ಆ ತುಂಡು ಕೂಡಿಕೊಂಡದ್ದು ಅಕ್ಟೋಬರ್ 9ಕ್ಕೆ. ಆಮೇಲೆ ಆ ಗಾಡಿಗಳು ಹೇಗೆ ತುಂಬಿದವು ಎಂಬುದನ್ನು ನೀವೇ ಕಂಡಿದ್ದೀರಿ. ಕೋಟಿಗಟ್ಟಲೆ ಸುರಿದು ಕಟ್ಟಿದ ಮಾರ್ಗವನ್ನು ಎರಡು ಕಿಲೋಮೀಟರ್‌ನ ಸಂದು ಆರು ತಿಂಗಳು ಕಟ್ಟಿಹಾಕಿತ್ತು.

ಆ ಸಂದು ಕಣ್ಣಿಗೆ ಕಾಣುತ್ತಿತ್ತು, ಪತ್ರಿಕೆಗಳು ಬರೆದವು, ಮುಚ್ಚಿದರು. ಕಾರಿನಲ್ಲಿ ಓಡಾಡುವ ಮಾನ್ಯ ಮಹಾಶಯರ ಕಣ್ಣಿಗೆ ಕಾಣದ ಸಂದುಗಳು ಊರ ತುಂಬ ಇವೆ. 2022ರ ಜೂನ್‌ನಲ್ಲಿ ಬೈಯಪ್ಪನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾಯಿತು. ಏಳು ಪ್ಲಾಟ್‌ಫಾರ್ಮು, ಹವಾನಿಯಂತ್ರಣ, ನೋಡಲು ವಿಮಾನ ನಿಲ್ದಾಣವೇ. ಮೆಟ್ರೋ ನಿಲ್ದಾಣದ ಹೆಸರೂ ಬೈಯಪ್ಪನಹಳ್ಳಿ, ಟರ್ಮಿನಲ್ ಇರುವುದೂ ಬೈಯಪ್ಪನಹಳ್ಳಿ. ಆದರೆ ಲಗೇಜು ಹೊತ್ತು ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುವ ಮಾತಲ್ಲ. ಬೆಳಗಿನ ಜಾವ ರೈಲಿಳಿದವನಿಗೆ ಮೊದಲು ಸಿಗುವುದು ಆಟೋ ಚೌಕಾಸಿ. ಇಂಜಿನಿಯರುಗಳ ಇಂಜಿನಿಯರ್ ಎನಿಸಿಕೊಂಡವರ ಹೆಸರನ್ನು ಇದಕ್ಕೇ ಇಟ್ಟರಲ್ಲ! ದಂಡು ರೈಲು ನಿಲ್ದಾಣದ ಕಥೆಯೂ ಅಷ್ಟೆ. ಅದರ ಬಳಿ ಬರಬೇಕಿದ್ದ ಸುರಂಗ ಮೆಟ್ರೋ ನಿಲ್ದಾಣವನ್ನು ಬಂಬೂ ಬಜಾರ್ ಮೈದಾನಕ್ಕೆ ಸರಿಸಿದರು. 2017ರಲ್ಲಿ ನಾಗರಿಕರು ಬೀದಿಗಿಳಿದು ವಿರೋಧಿಸಿದರೂ ಕೇಳಲಿಲ್ಲ.

ಇನ್ನು ಜೇಬಿನ ಮಾತಿಗೆ ಬನ್ನಿ. 2025ರ ಜನವರಿಯಲ್ಲಿ ದರ ಏರಿದಾಗ ಸಾಮಾನ್ಯ ಬಿಎಂಟಿಸಿ ಬಸ್ಸಿನ ಕನಿಷ್ಠ ಟಿಕೆಟ್ 6 ರೂಪಾಯಿ ಆಯಿತು. ಮರುತಿಂಗಳೇ ಮೆಟ್ರೋ ದರ ಏರಿತು: ಕನಿಷ್ಠ 10, ಗರಿಷ್ಠ 90. ಯಾವುದೇ ಟಿಕೆಟ್ಟಿನಲ್ಲಿ ಮೊದಲ ಕಿಲೋಮೀಟರುಗಳು ದುಬಾರಿ, ಮುಂದೆ ಹೋದಂತೆ ಕಿಲೋಮೀಟರ್ ಲೆಕ್ಕದಲ್ಲಿ ಅಗ್ಗ. ಈಗ ನಿಮ್ಮ ಬಡಾವಣೆಯಿಂದ ಬಸ್ಸು, ಆಮೇಲೆ ಮೆಟ್ರೋ, ಆಮೇಲೆ ಇನ್ನೊಂದು ಬಸ್ಸು ಹಿಡಿದಿರಿ ಅನ್ನಿ. ಒಂದೇ ಪ್ರಯಾಣದಲ್ಲಿ ಮೂರು ಸಲ ಆ ದುಬಾರಿ ಮೊದಲ ಕಿಲೋಮೀಟರಿಗೆ ದುಡ್ಡು ತೆರುತ್ತೀರಿ. ಗಾಡಿ ಬದಲಿಸಿದ ತಪ್ಪಿಗೆ ದಂಡ! (ಚಿಲ್ಲರೆ ಇಲ್ಲವೆಂದು ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬರೆದುಕೊಟ್ಟದ್ದು ಬೇರೆ ಲೆಕ್ಕ.)

ಹೆಣ್ಣುಮಕ್ಕಳ ಪಾಡು ನೋಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವರಿಗೆ ಸಾಮಾನ್ಯ ಬಸ್ಸು ಉಚಿತ. ಒಳ್ಳೆಯದೇ, ಅದನ್ನು ಹಳಿಯುವವರ ಜತೆ ನಾನಿಲ್ಲ. ಆದರೆ ಶಕ್ತಿ ಮೆಟ್ರೋ ಬಾಗಿಲಲ್ಲಿ ನಿಂತುಬಿಡುತ್ತದೆ. ಗಾರ್ಮೆಂಟ್ ಕೆಲಸಕ್ಕೆ ಹೋಗುವ ಅಕ್ಕ ತಲೆಯ ಮೇಲೆ ಮೆಟ್ರೋ ಓಡುತ್ತಿದ್ದರೂ ಕೆಳಗೆ ಟ್ರಾಫಿಕ್ಕಿನಲ್ಲಿ ಬಸ್ಸಿನಲ್ಲೇ ಕೂರುತ್ತಾಳೆ. ಅವಳು ದುಡ್ಡು ಉಳಿಸಿ ನಿದ್ದೆ ಕಳೆದುಕೊಳ್ಳುತ್ತಾಳೆ.

ಇದಕ್ಕೆ ಮದ್ದಿಲ್ಲವೇ? ಜರ್ಮನಿಯ ಹ್ಯಾಂಬರ್ಗ್ ಊರು 1965ರಲ್ಲೇ ಅರೆದಿಟ್ಟ ಮದ್ದಿದೆ. ಅಲ್ಲಿ ಸುರಂಗ ರೈಲು ಊರಿನ ಕಂಪನಿಯದು, ಉಪನಗರ ರೈಲು ಕೇಂದ್ರ ಸರಕಾರದ ರೈಲ್ವೆಯದು, ಬಂದರಿನ ದೋಣಿ ಮತ್ತೊಬ್ಬರದು. ಎಲ್ಲರೂ ಸೇರಿ ಒಂದು ಕೂಟ ಕಟ್ಟಿಕೊಂಡರು. ಜಗತ್ತಿನಲ್ಲೇ ಅಂಥ ಮೊದಲ ಕೂಟ ಅದು. ಪ್ರಯಾಣಿಕನಿಗೆ ಒಂದೇ ಟಿಕೆಟ್, ಒಂದೇ ವೇಳಾಪಟ್ಟಿ. ಬಸ್ಸೋ ರೈಲೋ ದೋಣಿಯೋ, ದರ ನಿಂತಿರುವುದು ಎಲ್ಲಿಂದ ಎಲ್ಲಿಗೆ ಎಂಬುದರ ಮೇಲೆ. ಬಂದ ಹಣ ಒಂದೇ ಹುಂಡಿಗೆ. ಯಾರಿಗೆ ಎಷ್ಟು ಎಂಬ ಜಗಳವನ್ನು ಅವರವರೇ ಕೌಂಟರಿನ ಹಿಂದೆ ಆಡಿಕೊಳ್ಳುತ್ತಾರೆ. ನಮ್ಮಲ್ಲಿ ಆ ಜಗಳವನ್ನು ಕೌಂಟರಿನ ಮುಂದೆ ನಿಂತವನ ತಲೆಗೆ ಕಟ್ಟಿದ್ದಾರೆ.

ರೈಲ್ವೆ ಕೇಂದ್ರದ್ದು, ನಾವೇನು ಮಾಡಲಾದೀತು ಎನ್ನುವ ನೆಪವೂ ನಿಲ್ಲುವುದಿಲ್ಲ. ಹ್ಯಾಂಬರ್ಗಿನಲ್ಲೂ ರೈಲ್ವೆ ಕೇಂದ್ರದ್ದೇ ಆಗಿತ್ತಲ್ಲ! ನಮ್ಮ ಊರಿಗೆ ರೈಲು ಬಂದದ್ದು 1864ರಲ್ಲಿ. ಮೈಸೂರು, ತುಮಕೂರು, ಬಂಗಾರಪೇಟೆ, ಹೊಸೂರು ಹೀಗೆ ಎಲ್ಲ ದಿಕ್ಕಿಗೂ ಹಳಿ ಇದೆ. 2022ರ ಜೂನ್‌ನಲ್ಲಿ 148 ಕಿಲೋಮೀಟರ್ ಉಪನಗರ ರೈಲಿಗೆ ಶಂಕುಸ್ಥಾಪನೆಯಾಯಿತು. 15,767 ಕೋಟಿ ರೂಪಾಯಿ, ನಾಲ್ಕು ಮಾರ್ಗ: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ನಲವತ್ತು ವರ್ಷ ಆಗದ್ದು ನಲವತ್ತು ತಿಂಗಳಲ್ಲಿ ಆಗುತ್ತದೆ ಎಂದು ವೇದಿಕೆಯಲ್ಲಿ ಮಾತು ಕೊಟ್ಟರು. ನಲವತ್ತು ತಿಂಗಳು 2025ರ ಅಕ್ಟೋಬರಿಗೆ ಮುಗಿಯಿತು. ಆಗ ಒಂದು ಮಾರ್ಗದಲ್ಲೂ ರೈಲು ಓಡಿರಲಿಲ್ಲ. ಹೆಸರಿಟ್ಟರು, ಹೂವು ಅರಳಲಿಲ್ಲ.

ಕಾಯ್ದೆಯೇನೂ ಇಲ್ಲದಿಲ್ಲ. ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರ ಕಾಯ್ದೆ, 2022 ಇದೆ. ಬಸ್ಸು, ಮೆಟ್ರೋ, ರೈಲು ಒಟ್ಟಿಗೆ ಯೋಜಿಸಬೇಕೆಂಬುದೇ ಅದರ ಉದ್ದೇಶ. ದರ ಮತ್ತು ವೇಳಾಪಟ್ಟಿಯ ಕೀಲಿಕೈ ಅದರ ಕೈಗೆ ಬರದಿದ್ದರೆ ಅದೂ ಇನ್ನೊಂದು ಬೋರ್ಡು, ಇನ್ನೊಂದು ಸರಕಾರಿ ಕಾರು.

ನಮ್ಮ ನುಡಿಯ ಸಂಗತಿಯೂ ಇಲ್ಲೇ ಇದೆ. ಮೆಟ್ರೋ ಫಲಕದಲ್ಲಿ ಕೃಷ್ಣರಾಜಪುರ; ಪಕ್ಕದ ರೈಲು ನಿಲ್ದಾಣಕ್ಕೆ ರೈಲ್ವೆಯ ಪಟ್ಟಿಯಲ್ಲಿ ಕೃಷ್ಣರಾಜಪುರಂ. ಒಂದೇ ಊರು, ನಡುವೆ ಒಂದು ‘ಅಂ’. 2017ರಲ್ಲಿ ಮೆಟ್ರೋ ಫಲಕಗಳ ಹಿಂದಿಯ ವಿರುದ್ಧ ಕನ್ನಡಿಗರು ಎದ್ದಾಗ ಅದನ್ನು ತೆಗೆಯಬೇಕಾಯಿತು. ಪ್ರತಿ ಇಲಾಖೆಯ ಬಾಗಿಲಿಗೂ ಬೇರೆ ಬೇರೆ ಹೋಗಿ ಹೀಗೆ ಹೊಡೆದಾಡುತ್ತಾ ಕೂರಲಾದೀತೇ? ಜಾಲ ಒಂದಾದರೆ ಹೆಸರು, ಫಲಕ, ಪ್ರಕಟಣೆ ಎಲ್ಲಕ್ಕೂ ನಿಯಮ ಒಂದೇ. ಅದನ್ನು ಬರೆಯುವ ದಿನ ಕನ್ನಡಿಗರು ಆ ಕೋಣೆಯಲ್ಲಿರಬೇಕು.

ಈಗ ನಿಮಗೊಂದು ಕೆಲಸ. ಈ ವಾರ ನಿಮ್ಮ ಹತ್ತಿರದ ಮೆಟ್ರೋ ಅಥವಾ ರೈಲು ನಿಲ್ದಾಣಕ್ಕೆ ಇಬ್ಬಿಬ್ಬರು ಹೋಗಿ. ಕೊನೆಯ ಗಾಡಿ ಬಂದ ಮೇಲೆ ನಿಮ್ಮ ಬಡಾವಣೆಗೆ ಬಸ್ಸಿದೆಯೇ? ನಿಲ್ದಾಣದಿಂದ ಬಸ್ ಸ್ಟಾಪಿಗೆ ಎಷ್ಟು ಹೆಜ್ಜೆ? ನಡುವೆ ಫುಟ್‌ಪಾತ್ ಇದೆಯೇ, ದೀಪ ಇದೆಯೇ? ಬರೆದುಕೊಳ್ಳಿ. ಅರ್ಜಿಯ ಒಂದು ಪ್ರತಿ ಬಿಎಂಟಿಸಿಗೆ, ಒಂದು ಮೆಟ್ರೋ ನಿಗಮಕ್ಕೆ, ಒಂದು ರೈಲ್ವೆಯ ವಿಭಾಗೀಯ ಕಚೇರಿಗೆ. ಮೂವರಿಗೂ ಅದೇ ಅರ್ಜಿ, ಕನ್ನಡದಲ್ಲಿ. ಉತ್ತರವನ್ನೂ ಕನ್ನಡದಲ್ಲೇ ಕೇಳಿ.