ಅಂತರಂಗದ ಅರಿವೂ ಮನೆಯವರ ಧರ್ಮವೂ



ಲೋಕವು ತನ್ನನ್ನು ಗಂಡೆಂದೋ ಹೆಣ್ಣೆಂದೋ ಕರೆಯುವುದು ತನ್ನ ಅಂತರಂಗಕ್ಕೆ ಒಪ್ಪದೆಂದು ಹದಿಹರೆಯದ ಮಗುವೊಂದು ಅರಿತಾಗ, ಅದು ಮೊದಲು ನೋಡುವುದು ತಾಯಿತಂದೆಗಳ ಮುಖವನ್ನು. ಅಲ್ಲಿ ಜುಗುಪ್ಸೆಯು ಕಂಡರೆ ಅದಕ್ಕೆ ನಿಲ್ಲಲು ಬೇರೆ ನೆಲೆಯೆಲ್ಲಿ?

ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಜನಿಸಿ, ಗಂಡುಮಗುವೆಂದು ಎಣಿಸಲ್ಪಟ್ಟ ಮಂಜಮ್ಮ ಜೋಗತಿಯವರ ಬಾಳೇ ಇದಕ್ಕೆ ನಿದರ್ಶನವು. ಹರೆಯದಲ್ಲಿಯೇ ತಾವು ಹೆಣ್ಣೆಂಬುದನ್ನು ಅವರು ಅರಿತರು. ಅವಮಾನದಿಂದ ನೊಂದು ಒಮ್ಮೆ ವಿಷವನ್ನೂ ಸೇವಿಸಿದರು. ಬದುಕುಳಿದು ಭಿಕ್ಷೆ ಬೇಡಿದರು. ಕಾಳವ್ವ ಜೋಗತಿಯವರಲ್ಲಿ ಜೋಗತಿ ನೃತ್ಯವನ್ನು ಕಲಿತರು. ಕಲೆಯು ಅವರಿಗೆ ಅನ್ನವನ್ನೂ ತಮ್ಮನ್ನು ತಾವು ಒಪ್ಪಿಕೊಳ್ಳುವ ಧೈರ್ಯವನ್ನೂ ಇತ್ತಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷಸ್ಥಾನವೂ 2021ರಲ್ಲಿ ಪದ್ಮಶ್ರೀ ಪ್ರಶಸ್ತಿಯೂ ಅವರಿಗೆ ಸಂದವು. ಅವರ ಆತ್ಮಕಥನದ ಹೆಸರು ‘ನಡುವೆ ಸುಳಿವ ಹೆಣ್ಣು’. ಜೇಡರ ದಾಸಿಮಯ್ಯನ ವಚನವನ್ನು ಬಲ್ಲವರಿಗೆ ಅದರ ಧ್ವನಿಯು ತಿಳಿಯದಿರದು.

2014ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಇಂಥವರು ತಮ್ಮನ್ನು ತಾವು ಗುರುತಿಸಿಕೊಳ್ಳುವುದನ್ನು ಹಕ್ಕೆಂದು ಸಾರಿತು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ವರ್ಗೀಕರಣದಲ್ಲಿ ಇದು ಮನೋರೋಗವೆಂದು ಎಣಿಸಲ್ಪಟ್ಟಿಲ್ಲ. ನ್ಯಾಯಪೀಠವೂ ವೈದ್ಯಶಾಸ್ತ್ರವೂ ತೆರೆದ ಬಾಗಿಲನ್ನು ಮನೆಯವರು ಮುಚ್ಚತಕ್ಕದ್ದಲ್ಲ. ಪ್ರಶಸ್ತಿಯು ಬಂದ ಮೇಲೆ ಮನ್ನಿಸುವುದು ಯಾರಿಗೂ ಸುಲಭವೇ. ಮಗುವು ನೊಂದು ಮೂಲೆ ಹಿಡಿದ ದಿನವೇ ಅದನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು, ಅದರ ಮಾತನ್ನು ಕೊನೆಯವರೆಗೆ ಕೇಳುವುದೇ ದಯಾಧರ್ಮವು.